ಭಾನುವಾರದ ಬಲಿಪೂಜೆಗೆ ವಾರವಿಡೀ ಸಿದ್ಧತೆ: ಕೊಡಗಿನ ಧರ್ಮಕೇಂದ್ರದ ಆರಾಧನಾ ಸಂಚಾಲಕರಿಗೆ

ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಪಾಲನಾ ಸಮಿತಿಯಲ್ಲಿ ಆರಾಧನಾ ಸಂಚಾಲಕರಾಗಿ ಆಯ್ಕೆಯಾದವರ ಕೈಗೆ ಸಾಮಾನ್ಯವಾಗಿ ಒಂದು ಬೀಗದ ಕೈಗೊಂಚಲು, ಒಂದು ಹಳೆಯ ನೋಟ್‌ಬುಕ್ಕು ಮತ್ತು ಪೂಜೆಯಲ್ಲಿ ಬೈಬಲ್ ಭಾಗಗಳನ್ನು ಓದುವ ವಾಚಕರ ಫೋನ್ ನಂಬರುಗಳ ಒಂದು ಪಟ್ಟಿ ಬರುತ್ತವೆ. ಕೆಲಸ ಏನೆಂಬುದನ್ನು ಕೂತು ಹೇಳಿಕೊಡುವವರು ವಿರಳ. ಗುರುಗಳಿಗೆ ಶಾಲೆಯ ಜವಾಬ್ದಾರಿ ಇರುತ್ತದೆ, ಉಪಕೇಂದ್ರಗಳ ಓಡಾಟ ಇರುತ್ತದೆ. ಹಿಂದಿನ ಸಂಚಾಲಕರು "ಎಲ್ಲಾ ತನ್ನಷ್ಟಕ್ಕೆ ನಡೆಯುತ್ತದೆ" ಎಂದು ಧೈರ್ಯ ಹೇಳಿ ಹೋಗಿರುತ್ತಾರೆ. ತನ್ನಷ್ಟಕ್ಕೆ ಏನೂ ನಡೆಯುವುದಿಲ್ಲ. ಭಾನುವಾರ ಒಂದು ಗಂಟೆಯಲ್ಲಿ ಮುಗಿಯುವ ಬಲಿಪೂಜೆಗೆ, ಅಂದರೆ ದೇವಾಲಯದ ಮುಖ್ಯ ಆರಾಧನೆಗೆ, ಸೋಮವಾರದಿಂದಲೇ ಕೈಹಾಕಬೇಕು, ಅದರಲ್ಲೂ ಕೊಡಗಿನಲ್ಲಿ ಧರ್ಮಸಭೆಯ ಪಂಚಾಂಗದ ಪಕ್ಕದಲ್ಲೇ ತೋಟದ ಮತ್ತು ಮಳೆಯ ಪಂಚಾಂಗವನ್ನೂ ಬಿಡಿಸಿಟ್ಟುಕೊಳ್ಳಬೇಕು.

ಎರಡು ಪಂಚಾಂಗಗಳನ್ನು ಹೊಂದಿಸುವುದು

ಮೊದಲು ಧರ್ಮಸಭೆಯ ಪಂಚಾಂಗ. ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಬರುತ್ತವೆ: ಎ ವರ್ಷದಲ್ಲಿ ಮುಖ್ಯವಾಗಿ ಮತ್ತಾಯನ ಶುಭಸಂದೇಶ, ಬಿ ವರ್ಷದಲ್ಲಿ ಮಾರ್ಕನದು, ಸಿ ವರ್ಷದಲ್ಲಿ ಲೂಕನದು. ಯಾವ ವರ್ಷ ನಡೆಯುತ್ತಿದೆ ಎಂದು ತಿಳಿಯಲು ಸುಲಭದ ಲೆಕ್ಕವೊಂದಿದೆ. ಇಸವಿಯು ಮೂರರಿಂದ ಶೇಷವಿಲ್ಲದೆ ಭಾಗವಾದರೆ ಅದು ಸಿ ವರ್ಷ. 2025 ಹಾಗೆ ಭಾಗವಾಗುತ್ತದೆ, ಆದ್ದರಿಂದ 2026 ಎ ವರ್ಷ, 2027 ಬಿ ವರ್ಷ. ಆದರೆ ಆರಾಧನಾ ವರ್ಷ ಜನವರಿಯಲ್ಲಿ ಆರಂಭವಾಗುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ, ಅಂದರೆ ಆಗಮನ ಕಾಲದ ಮೊದಲ ಭಾನುವಾರವೇ ಹೊಸ ವರ್ಷದ ಮೊದಲ ದಿನ. ಆ ವಾರ ಹಳೆಯ ವಾಚನ ಗ್ರಂಥವೇ ಪೀಠದ ಮೇಲೆ ಉಳಿದುಬಿಡುವುದು ಪದೇ ಪದೇ ಆಗುವ ಎಡವಟ್ಟು, ಹಾಗಾಗಿ ಅದರ ಹಿಂದಿನ ದಿನ, ಶನಿವಾರವೇ ಗ್ರಂಥವನ್ನು ಬದಲಾಯಿಸಿ, ದಾರ ಸಿಕ್ಕಿಸಿ ಇಡಿ. ಸಾಧಾರಣ ಕಾಲದಲ್ಲಿ, ಅಂದರೆ ವಿಶೇಷ ಕಾಲಗಳ ಹೊರಗಿನ ವಾರಗಳಲ್ಲಿ, ವಾರದ ದಿನಗಳ ಮೊದಲನೇ ವಾಚನಕ್ಕೆ ಎರಡೇ ವರ್ಷಗಳ ಚಕ್ರ. ಬೆಸ ಇಸವಿಗೆ ಒಂದು, ಸಮ ಇಸವಿಗೆ ಮತ್ತೊಂದು.

ಪೂಜಾವಸ್ತ್ರದ ಬಣ್ಣ, ಗಾಯನ ವೃಂದ ಹಾಡಬಹುದಾದದ್ದು ಮತ್ತು ಹಾಡಬಾರದ್ದು, ಎಲ್ಲವೂ ಕಾಲವನ್ನು ಅವಲಂಬಿಸಿವೆ. ಆಗಮನ ಕಾಲ ಮತ್ತು ತಪಸ್ಸುಕಾಲಗಳ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಭಾನುವಾರಗಳಲ್ಲಿ ಮಹಿಮೆ ಗೀತೆ (ಗ್ಲೋರಿಯ) ಇಲ್ಲ. ತಪಸ್ಸುಕಾಲದಲ್ಲಿ ಅಲ್ಲೆಲೂಯವೂ ಇಲ್ಲ. ಗಾಯನ ವೃಂದದ ಮಕ್ಕಳು ಫೋನಿನಲ್ಲಿ ಕೇಳಿ ಇಷ್ಟವಾದ ಹಾಡನ್ನು ಕಲಿತು ಬರುತ್ತಾರೆ. ಶನಿವಾರ ಸಂಜೆ ಅವರ ಮುಖ ಬಾಡಿಸುವ ಬದಲು ಬುಧವಾರವೇ ಹಾಡಿನ ಪಟ್ಟಿ ತರಿಸಿಕೊಂಡು ನೋಡಿಬಿಡುವುದು ಒಳ್ಳೆಯದು.

ಇನ್ನು ನಮ್ಮ ಊರಿನ ಪಂಚಾಂಗ. ಕಾಫಿ ಕೊಯ್ಲು ಕ್ರಿಸ್ಮಸ್ ಸುತ್ತಮುತ್ತ ಬಿರುಸಾಗಿರುತ್ತದೆ, ಅದರ ಬೆನ್ನಿಗೆ ಕರಿಮೆಣಸು. ತಪಸ್ಸುಕಾಲದ ಶುಕ್ರವಾರಗಳ ಶಿಲುಬೆಯ ಹಾದಿ, ಅಂದರೆ ಯೇಸುವಿನ ಯಾತನೆಯನ್ನು ಧ್ಯಾನಿಸುವ ಪ್ರಾರ್ಥನೆ, ಬರುವುದು ಕಣದಲ್ಲಿ ಕಾಫಿ ಹರವಿರುವ ದಿನಗಳಲ್ಲಿ. ಸಂಜೆ ನಾಲ್ಕಕ್ಕೆ ಮೋಡ ಕಟ್ಟಿತೆಂದರೆ ಟಾರ್ಪಾಲು ಹೊದಿಸಲು ಮನೆಮಂದಿಯೆಲ್ಲ ಕಣದಲ್ಲಿರುತ್ತಾರೆ, ಅವರಲ್ಲಿ ಭಕ್ತಿಯ ಕೊರತೆ ಎಂದು ಮೈಕಿನಲ್ಲಿ ಗೊಣಗುವುದರಿಂದ ಪ್ರಯೋಜನವಿಲ್ಲ. ಶಿಲುಬೆಯ ಹಾದಿಯನ್ನು ಆರೂವರೆಗೆ ಇಟ್ಟುಕೊಳ್ಳುವುದೇ ವಾಸಿ. ಮಡಿಕೇರಿಯಲ್ಲಿ ಶುಕ್ರವಾರವೇ ಸಂತೆ, ಗೋಣಿಕೊಪ್ಪದಲ್ಲಿ ಭಾನುವಾರ. ತೋಟದ ಕಾರ್ಮಿಕರ ಸಾಲುಮನೆಗಳಿಂದ, ಅಂದರೆ ಲೈನ್ ಮನೆಗಳಿಂದ, ಬರುವ ಕುಟುಂಬಕ್ಕೆ ವಾರದ ರಜೆ, ಬಟವಾಡೆಯ ದುಡ್ಡು ಕೈಗೆ ಬಂದ ಮೇಲಿನ ಸಾಮಾನು ಖರೀದಿ ಮತ್ತು ಬಲಿಪೂಜೆ ಮೂರೂ ಒಂದೇ ಬೆಳಗ್ಗೆ ಆಗಬೇಕು. ಪೂಜೆಯ ಸಮಯ ನಿಗದಿಯಾಗುವಾಗ ಮೊದಲ ಬಸ್ಸು ದೇವಾಲಯದ ಹತ್ತಿರ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಹಿಂತಿರುಗುವ ಬಸ್ಸು ಯಾವಾಗ ಎಂಬುದನ್ನು ಸಮಿತಿಯ ಮುಂದಿಡುವುದು ನಿಮ್ಮ ಕರ್ತವ್ಯ, ಏಕೆಂದರೆ ಸಮಿತಿಯಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಸ್ವಂತ ವಾಹನವಿರುತ್ತದೆ.

ವಾಚಕರನ್ನು ಸಿದ್ಧಪಡಿಸುವುದು

ಈ ಹೊಣೆಯಲ್ಲಿ ಅತಿ ಹೆಚ್ಚು ಸಮಯ ಬೇಡುವ ಮತ್ತು ಅಷ್ಟೇ ಫಲ ಕೊಡುವ ಕೆಲಸ ಇದು. ಪ್ರಸ್ತುತ ಪದ್ಧತಿಯಲ್ಲಿ ವಾಚನಗಳನ್ನು ಜನರ ಭಾಷೆಯಲ್ಲಿ, ಜನರ ನಡುವಿನವರೇ ಓದುತ್ತಾರೆ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಕುರಿತು ಹೊರಡಿಸಿದ ದಸ್ತಾವೇಜು ಇದಕ್ಕೆ ಬಾಗಿಲು ತೆರೆಯಿತು. ಹೀಗೆ ದೊರೆತ ಅವಕಾಶವನ್ನು, ಪೂಜೆಗೆ ಐದು ನಿಮಿಷ ಮುಂಚೆ ಬಾಗಿಲಲ್ಲಿ ಸಿಕ್ಕವರ ತೋಳು ಹಿಡಿದು "ನೀವು ಎರಡನೇ ವಾಚನ ಓದಿಬಿಡಿ" ಎನ್ನುವುದರಲ್ಲಿ ಮುಗಿಸಬಾರದು.

ಸೋಮವಾರ ಅಥವಾ ಮಂಗಳವಾರ ವಾಚನದ ಪ್ರತಿಯನ್ನು ಓದುವವರಿಗೆ ತಲುಪಿಸಿ. ಮೊದಲನೇ ವಾಚನ ಓದುವವರಿಗೆ ಅಂದಿನ ಶುಭಸಂದೇಶದ ಭಾಗವನ್ನೂ ಜೊತೆಗೆ ಕಳಿಸಿ, ಏಕೆಂದರೆ ಸಾಧಾರಣ ಕಾಲದ ಭಾನುವಾರಗಳಲ್ಲಿ ಮೊದಲನೇ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿರುತ್ತದೆ. ಯಾವ ಮಾತಿಗೆ ಒತ್ತು ಕೊಡಬೇಕೆಂಬುದು ಅದನ್ನು ಓದಿದವರಿಗೆ ತಾನಾಗಿ ಹೊಳೆಯುತ್ತದೆ. ಎರಡನೇ ವಾಚನಕ್ಕೆ ಈ ನಂಟಿಲ್ಲ. ಅದು ಒಂದು ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸಿಕೊಂಡು ಹೋಗುತ್ತದೆ, ಆದ್ದರಿಂದ ಹಿಂದಿನ ವಾರದ ಭಾಗವನ್ನು ಒಮ್ಮೆ ನೋಡಿಕೊಳ್ಳಲು ಹೇಳಿ.

ಫೋನಿನ ಆ್ಯಪಿನಿಂದ ಓದಲು ಬಿಡಬೇಡಿ. ಕನ್ನಡದ ಕೆಲವು ಬೈಬಲ್ ಆವೃತ್ತಿಗಳಲ್ಲಿ ದೇವರ ಇಬ್ರಿಯ ಹೆಸರು ಹಾಗೆಯೇ ಇದೆ, ನಮ್ಮ ವಾಚನಗಳಲ್ಲಿ ಆ ಜಾಗದಲ್ಲಿ ಸರ್ವೇಶ್ವರ ಎಂದಿರುತ್ತದೆ. ಆ ಹೆಸರನ್ನು ಆರಾಧನೆಯಲ್ಲಿ ಉಚ್ಚರಿಸಬಾರದೆಂದು ರೋಮಿನಿಂದ 2008ರಲ್ಲಿ ಸ್ಪಷ್ಟ ಸೂಚನೆಯೂ ಬಂದಿದೆ. ಇದಲ್ಲದೆ, ವಾಚನಪೀಠದಲ್ಲಿ ನಿಂತವರ ಮುಖದ ಮೇಲೆ ಫೋನಿನ ಬೆಳಕು ಬೀಳುವುದು ನೋಡಲು ಚೆನ್ನಾಗಿಲ್ಲ.

ಶುಕ್ರವಾರ ಅಥವಾ ಶನಿವಾರ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುವುದರಿಂದ ಪೌಲನ ಪತ್ರಗಳ ಉದ್ದ ವಾಕ್ಯಗಳಲ್ಲಿ ಓದುವವರ ಉಸಿರು ನಡುವೆಯೇ ಮುಗಿದು, ದನಿ ಇಳಿದು, ಮುಖ್ಯವಾದ ಮಾತು ಮೈಕಿಗೆ ಕೇಳಿಸದಷ್ಟು ಮೆತ್ತಗಾಗುತ್ತದೆ. ಇದಕ್ಕೆ ಪರಿಹಾರ ಪ್ರತಿಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳುವುದು: "ಆದ್ದರಿಂದ", "ಹೀಗಿರಲಾಗಿ", "ಎಂದು" ಮುಂತಾದ ಮಾತುಗಳ ನಂತರ ಒಂದು ಗೆರೆ, ಅಲ್ಲಿ ಉಸಿರು; ಕ್ರಿಯಾಪದದ ಕೆಳಗೆ ಅಡ್ಡಗೆರೆ, ಅಲ್ಲಿ ದನಿ ಇಳಿಯಬಾರದು. ಹಕಾರ ಬಿದ್ದುಹೋಗುವವರಿಗೆ ಅದನ್ನು ಎಲ್ಲರೆದುರು ಎತ್ತಿ ಆಡಬೇಡಿ. ಅಂಥ ನಾಲ್ಕೈದು ಪದಗಳಿಗೆ ಮಾತ್ರ ಗುರುತು ಹಾಕಿ ಕೊಟ್ಟರೆ ಸಾಕು.

ಪಂಚಾಶತ್ತಮ ಹಬ್ಬದ ಮೊದಲನೇ ವಾಚನ ಈ ವಿಷಯದಲ್ಲಿ ದೊಡ್ಡ ಪರೀಕ್ಷೆ. ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಅಧ್ಯಾಯದಲ್ಲಿ ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಂದು ಆರಂಭವಾಗಿ ಮೆಸಪೊಟೇಮಿಯ, ಕಪ್ಪದೋಕ್ಯ, ಪೊಂತ, ಫ್ರುಗ್ಯ, ಪಂಫುಲ್ಯ ಎಂದು ಹೆಸರುಗಳು ಸಾಲುಗಟ್ಟಿ ಬರುತ್ತವೆ. ಇವನ್ನು ಪಟ್ಟಿಯಂತೆ ಓಡಿಸಿದರೆ ಯಾರಿಗೂ ಏನೂ ತಿಳಿಯದು, ಒಂದೊಂದನ್ನೂ ತಡವರಿಸಿದರೆ ಹಿಂದಿನ ಬೆಂಚಿನ ಮಕ್ಕಳಿಗೆ ನಗು. ಮೂರು ಮೂರು ಹೆಸರುಗಳ ಗುಂಪು ಮಾಡಿ, ಪ್ರತಿ ಗುಂಪಿನ ಕೊನೆಯ ಹೆಸರಿನ ಮೇಲೆ ದನಿಯನ್ನು ಸ್ವಲ್ಪ ಏರಿಸಿ, ಕೊನೆಗೆ "ನಮ್ಮ ನಮ್ಮ ಭಾಷೆಗಳಲ್ಲಿಯೇ ಕೇಳುತ್ತಿದ್ದೇವಲ್ಲಾ" ಎಂಬ ಬೆರಗಿನಲ್ಲಿ ನಿಲ್ಲಿಸುವಂತೆ ಅಭ್ಯಾಸ ಮಾಡಿಸಿ. ಐದು ಭಾಷೆಗಳ ಜನ ಒಂದೇ ಸೂರಿನಡಿ ಕೂರುವ ಕೊಡಗಿನ ದೇವಾಲಯದಲ್ಲಿ ಆ ಭಾಗಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬಿ ವರ್ಷದ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಐದು ಭಾನುವಾರ ಬಹುತೇಕ ಯೊವಾನ್ನನ ಆರನೇ ಅಧ್ಯಾಯವೇ, ಜೀವದಾಯಕ ರೊಟ್ಟಿಯ ಬೋಧನೆಯೇ ನಡೆಯುತ್ತದೆ. ಹೆಂಚಿನ ಮೇಲೆ ಮಳೆ ಬಡಿಯುವ ತಿಂಗಳದು. ಆ ದಿನಗಳಿಗೆ ಕಂಚಿನ ಕಂಠದವರನ್ನೇ ಪಟ್ಟಿಗೆ ಹಾಕಿ.

ಭಾಷೆಗಳ ಹಂಚಿಕೆ

ದೊಡ್ಡವೀರರಾಜೇಂದ್ರನು 1792ರಲ್ಲಿ ಸ್ಥಾಪಿಸಿದ ವಿರಾಜಪೇಟೆಗೆ ಆ ಕಾಲದಲ್ಲೇ ಕೊಂಕಣಿ ಕ್ರೈಸ್ತ ಕುಟುಂಬಗಳು ಬಂದು ನೆಲೆಸಿದವು. ಸಂತ ಅನ್ನಮ್ಮನವರ ದೇವಾಲಯದ ಚರಿತ್ರೆ ಅಲ್ಲಿಂದಲೇ ಹೊರಡುತ್ತದೆ. ಆಮೇಲೆ ಕಾಫಿ ತೋಟಗಳ ಜೊತೆಗೆ ತಮಿಳು ಕುಟುಂಬಗಳು ಬಂದವು, ಗಡಿಯಾಚೆಯಿಂದ ಮಲಯಾಳಿಗಳು ಬಂದರು. ಮನೆಯಲ್ಲಿ ಜಪಸರವನ್ನು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಹೇಳುವವರು ಭಾನುವಾರ ಒಟ್ಟಾಗಿ ಕನ್ನಡದಲ್ಲಿ ಉತ್ತರಿಸುತ್ತಾರೆ.

ಇಲ್ಲಿ ಎಲ್ಲರನ್ನೂ ಮೆಚ್ಚಿಸಲು ಹೋಗಿ ಒಂದೇ ಪೂಜೆಯಲ್ಲಿ ಮೊದಲ ವಾಚನ ಒಂದು ಭಾಷೆ, ಕೀರ್ತನೆ ಇನ್ನೊಂದು, ಎರಡನೇ ವಾಚನ ಮತ್ತೊಂದು ಎಂದು ಹಂಚಿದರೆ, ಎಲ್ಲರಿಗೂ ಮುಕ್ಕಾಲು ಭಾಗ ಅರ್ಥವಾಗದೆ ಹೋಗುತ್ತದೆ. ವಾಚನಗಳು ಮತ್ತು ಪ್ರಬೋಧನೆ ಒಂದೇ ಭಾಷೆಯಲ್ಲಿರಲಿ. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿ) ಹಂಚುವ ವೇಳೆಯ ಒಂದು ಹಾಡು, ವಿಶ್ವಾಸಿಗಳ ಬಿನ್ನಹಗಳಲ್ಲಿ ಒಂದೆರಡು, ಇವನ್ನು ಇತರ ಭಾಷೆಗಳಿಗೆ ಬಿಡಬಹುದು. ತಿಂಗಳಿಗೊಮ್ಮೆ ಪ್ರತ್ಯೇಕ ಪೂಜೆ ನಡೆಸುವಷ್ಟು ಜನರಿದ್ದರೆ ಅದೇ ಉತ್ತಮ ದಾರಿ. ಕೇರಳ ಮೂಲದ ಸಿರೋ-ಮಲಬಾರ್ ವಿಧಿಯ ಕುಟುಂಬಗಳಿಗೆ ಅವರದೇ ಪೂಜಾವಿಧಿ ಇದೆ, ಅದು ಭಾಷೆಯ ಪ್ರಶ್ನೆ ಮಾತ್ರವಲ್ಲ; ಅಂಥ ಕೋರಿಕೆ ಬಂದರೆ ನೀವು ಉತ್ತರಿಸದೆ ಗುರುಗಳ ಬಳಿಗೆ ಕಳಿಸಿ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಕೊಂಕಣಿ ಹಾಡು ತಾನಾಗಿಯೇ ಮೇಲೇಳುತ್ತದೆ, ಅದನ್ನು ಪಟ್ಟಿಗೆ ಸೇರಿಸುವ ಅಗತ್ಯವೂ ಬೀಳುವುದಿಲ್ಲ.

ಮಳೆಗಾಲದ ಸಕ್ರಿಸ್ತಿ

ಗುರುಗಳು ಪೂಜಾವಸ್ತ್ರ ತೊಡುವ ಕೋಣೆ ಸಾಮಾನ್ಯವಾಗಿ ದೇವಾಲಯದ ಹಿಂಬದಿಯಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ.

ಓಸ್ತಿಗಳನ್ನು, ಅಂದರೆ ಪೂಜೆಗೆ ಬಳಸುವ ತೆಳು ರೊಟ್ಟಿಗಳನ್ನು, ಮೊದಲು ಗಮನಿಸಿ. ಧರ್ಮಸಭೆಯ ಕಾನೂನಿನ ಪ್ರಕಾರ ಅವು ಶುದ್ಧ ಗೋಧಿಯವಾಗಿರಬೇಕು, ಕೆಡುವ ಅಪಾಯವಿಲ್ಲದಷ್ಟು ಹೊಸದಾಗಿರಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯಲ್ಲಿ ಅವು ಎರಡೇ ದಿನಕ್ಕೆ ಮೆತ್ತಗಾಗಿ, ಮುರಿದರೆ ಸದ್ದಿಲ್ಲದೆ ಬಾಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ತಿಂಗಳಿಗಾಗುವಷ್ಟು ತರಿಸಿಡುವ ಅಭ್ಯಾಸವನ್ನು ಮೇ ಕೊನೆಗೆ ನಿಲ್ಲಿಸಿ, ಕನ್ಯಾಮಠದಿಂದ ವಾರಕ್ಕೆ ಬೇಕಾದಷ್ಟನ್ನೇ ತರಿಸಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯ ತಳದಲ್ಲಿ ತೇವ ಹೀರುವ ಪುಡಿಯ ಪೊಟ್ಟಣಗಳನ್ನಿಟ್ಟು, ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಓಸ್ತಿಗಳಿರಲಿ. ಪರಮಪ್ರಸಾದ ಪೆಟ್ಟಿಗೆಯಲ್ಲಿ ಉಳಿದಿರುವ ಪರಮಪ್ರಸಾದವನ್ನು ಆಗಾಗ ಹೊಸದಾಗಿಸಬೇಕೆಂಬ ನಿಯಮವಿದೆ. ಮಳೆಗಾಲದಲ್ಲಿ ವಾರವಾರವೂ ಹಾಗೆ ಮಾಡುವಂತೆ ಗುರುಗಳಿಗೆ ನೆನಪಿಸಿ, ಭಾನುವಾರ ಹೊಸದಾಗಿ ಇಡಬೇಕಾದ ಸಂಖ್ಯೆಯನ್ನು ಆ ಲೆಕ್ಕದಲ್ಲೇ ಕಡಿಮೆ ಮಾಡಿ.

ಬಲಿಪೀಠದ ಮೇಲಿನ ಸಣ್ಣ ಬಟ್ಟೆಗಳನ್ನು, ಅಂದರೆ ಪಾತ್ರೆಯ ಕೆಳಗೆ ಹಾಸುವ ಮತ್ತು ಒರೆಸುವ ಬಿಳಿ ಬಟ್ಟೆಗಳನ್ನು, ಮೊದಲು ಬರೀ ನೀರಿನಲ್ಲಿ ನೆನೆಸಿ, ಆ ನೀರನ್ನು ಚರಂಡಿಗೆ ಬಿಡದೆ ಗಿಡದ ಬುಡಕ್ಕೆ ಸುರಿದು, ಆಮೇಲೆ ಸೋಪು ಹಾಕಿ ಒಗೆಯಬೇಕು. ಒಗೆದದ್ದು ಒಣಗುವುದು ಯಾವಾಗ ಎಂಬುದೇ ಪ್ರಶ್ನೆ. ಇದಕ್ಕಾಗಿ ಬೇರೆ ಕಡೆಯ ದೇವಾಲಯಗಳಿಗಿಂತ ಎರಡು ಜೊತೆ ಹೆಚ್ಚು ಬಟ್ಟೆ ಇಟ್ಟುಕೊಳ್ಳುವುದು ದುಂದಲ್ಲ. ಇಸ್ತ್ರಿ ಮಾಡಿದ ಕೂಡಲೇ ಮಡಚಿ ಬೀರುವಿನೊಳಗಿಟ್ಟರೆ ಉಳಿದ ತೇವಕ್ಕೆ ಕಪ್ಪು ಚುಕ್ಕೆ ಬೀಳುತ್ತದೆ, ರಾತ್ರಿಯೊಂದು ಹೊರಗೇ ಇರಲಿ.

ಧೂಪದ ಇದ್ದಿಲು ತೇವ ಹಿಡಿದರೆ ಹಬ್ಬದ ಪೂಜೆಯಲ್ಲಿ ಪೀಠಬಾಲಕರು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ. ಹಿಂದಿನ ರಾತ್ರಿ ಅದನ್ನು ಯಾರದಾದರೂ ಮನೆಯ ಒಲೆಯ ಪಕ್ಕ ಇಟ್ಟು ತನ್ನಿ. ಪರಮಪ್ರಸಾದದ ಮುಂದೆ ಸದಾ ಉರಿಯಬೇಕಾದ ದೀಪಕ್ಕೆ ವಿದ್ಯುತ್ ಬಲ್ಬು ಹಾಕಿಸುವ ಸಲಹೆ ಆಗಾಗ ಬರುತ್ತದೆ. ಗಾಳಿಗೆ ಕಂಬ ಉರುಳಿ ದಿನಗಟ್ಟಲೆ ಕರೆಂಟಿಲ್ಲದಿರುವ ಊರಿಗೆ ಎಣ್ಣೆಯ ದೀಪವೇ ಸರಿ ಎಂದು ನನ್ನ ಅಭಿಪ್ರಾಯ. ಮೈಕಿಗೆ ಮಾತ್ರ ಬ್ಯಾಟರಿಯ ವ್ಯವಸ್ಥೆ ಇರಲಿ, ಅದನ್ನು ಶನಿವಾರವೇ ಚಾರ್ಜಿಗೆ ಹಾಕಿರಲಿ.

ವಾರದ ದಿನಗಳು

ಮಂಗಳವಾರ ಸಂತ ಅಂತೋಣಿಯವರ ಪ್ರಾರ್ಥನೆ, ಬುಧವಾರ ನಿತ್ಯ ಸಹಾಯ ಮಾತೆಯ ನವೇನ, ಗುರುವಾರ ಆರಾಧನೆ, ಶನಿವಾರ ಪಾಪನಿವೇದನೆ ಎಂಬ ಕ್ರಮ ಬಹುಪಾಲು ಕಡೆ ಇದೆ. ನಿಮ್ಮ ಕೇಂದ್ರದ ಪದ್ಧತಿ ಹೇಗಿದೆಯೋ ಹಾಗೆಯೇ ಮುಂದುವರಿಸಿ. ಕಿರು ಕ್ರೈಸ್ತ ಸಮುದಾಯಗಳ ಮನೆ ಪ್ರಾರ್ಥನೆಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಸಿದ್ದಾಪುರ, ತಿತಿಮತಿ ಕಡೆಯ ತೋಟದ ದಾರಿಗಳಲ್ಲಿ ಕತ್ತಲಾದ ಮೇಲೆ ಆನೆಗಳ ಓಡಾಟ ಇರುವುದರಿಂದ ಸಭೆ ಬೆಳಕಿರುವಾಗಲೇ ಮುಗಿಯಬೇಕು. ಏಳು ಗಂಟೆಗೆ ಎಂದು ಕರೆದು ಎಂಟೂವರೆಗೆ ಕಾಫಿ ಕೊಟ್ಟು ಕಳಿಸುವ ಉಪಚಾರ ಪೇಟೆಯ ಮನೆಗಳಿಗೆ ಸರಿ, ಲೈನ್ ಮನೆಗಳಿಗೆ ಅಲ್ಲ.

ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಗುರುಗಳು ಪರಮಪ್ರಸಾದ ಒಯ್ಯುವ ಕಡೆ ನೀವು ಮಾಡಬೇಕಾದದ್ದು ಇಷ್ಟು: ಗುರುವಾರ ಸಂಜೆಯೊಳಗೆ ರೋಗಿಗಳ ಪಟ್ಟಿಯನ್ನು ದಾರಿಯ ಕ್ರಮದಲ್ಲಿ ಬರೆಯಿರಿ, ಮನೆಯವರಿಗೆ ತಿಳಿಸಿ, ಪುಟ್ಟ ಮೇಜು, ಬಿಳಿ ಬಟ್ಟೆ, ಮೇಣದ ಬತ್ತಿ, ಒಂದು ಲೋಟ ನೀರು ಸಿದ್ಧವಿರಲಿ ಎಂದು ಹೇಳಿ, ತೋಟದ ಗೇಟಿನ ಕಾವಲಿನವರಿಗೂ ಒಂದು ಮಾತು ಮುಟ್ಟಿಸಿ.

ಪೂಜೆಯ ಉದ್ದೇಶಗಳ ಪುಸ್ತಕವನ್ನು, ಅಂದರೆ ಯಾವ ಪೂಜೆ ಯಾರಿಗಾಗಿ ಎಂದು ಬರೆಸುವ ಪುಸ್ತಕವನ್ನು, ಅಚ್ಚುಕಟ್ಟಾಗಿ ಇಡುವುದು ಬಹಳ ಮುಖ್ಯ. ಸತ್ತವರ ಏಳನೇ ದಿನ, ಮೂವತ್ತನೇ ದಿನ, ವಾರ್ಷಿಕ ಎಂದು ಹೇಳಿಸಿದವರು ಆ ಹೆಸರು ಕೇಳಿಸಲೆಂದೇ ಹತ್ತು ಮೈಲಿ ದೂರದಿಂದ ಬಂದಿರುತ್ತಾರೆ. ಒಂದು ಉದ್ದೇಶಕ್ಕೆ ಒಂದು ಪೂಜೆ ಎಂಬುದು ನಿಯಮ. ಹಲವು ಉದ್ದೇಶಗಳನ್ನು ಒಟ್ಟು ಸೇರಿಸುವುದಾದರೆ ಕೊಟ್ಟವರ ಒಪ್ಪಿಗೆ ಬೇಕು, ಅದೂ ವಾರಕ್ಕೆ ಎರಡು ದಿನಗಳಿಗಿಂತ ಹೆಚ್ಚಾಗಬಾರದು ಎಂದು ರೋಮಿನ 1991ರ ಆದೇಶ ಹೇಳುತ್ತದೆ. ಭಾನುವಾರದ ಒಂದು ಪೂಜೆಯನ್ನು ಧರ್ಮಕೇಂದ್ರದ ಸಮಸ್ತ ಜನರಿಗಾಗಿ ಅರ್ಪಿಸುವುದು ಗುರುಗಳ ಕಡ್ಡಾಯ ಕರ್ತವ್ಯ, ಆದುದರಿಂದ ಆ ಜಾಗವನ್ನು ಪುಸ್ತಕದಲ್ಲಿ ಮೊದಲೇ ತುಂಬಿಸಿಬಿಡಿ. ಇಲ್ಲವಾದರೆ ಆ ಪೂಜೆಯೂ ಯಾರದೋ ಹೆಸರಿಗೆ ಬರೆದುಹೋಗುತ್ತದೆ.

ಭಾನುವಾರ ಬೆಳಗ್ಗೆ

ಸಿದ್ಧತೆ ಸರಿಯಾಗಿದ್ದರೆ ಆ ದಿನ ನಿಮ್ಮ ಪಾಲಿಗೆ ಹೆಚ್ಚು ಕೆಲಸ ಉಳಿಯದು. ಮುಕ್ಕಾಲು ಗಂಟೆ ಮುಂಚೆ ಬಾಗಿಲು ತೆಗೆಯಿರಿ, ವಾಚನ ಗ್ರಂಥದ ಪುಟವನ್ನು ನೀವೇ ನೋಡಿ, ಕಾಣಿಕೆ ಮೆರವಣಿಗೆಯ ಕುಟುಂಬ ಬಂದಿದೆಯೇ ಎಂದು ವಿಚಾರಿಸಿ. ಪ್ರಕಟಣೆಗಳು ಮೂರು ನಿಮಿಷ ಮೀರದಿರಲಿ; ಮದುವೆಯ ಪ್ರಕಟಣೆಯಲ್ಲಿ ಹೆಸರುಗಳನ್ನು ನಿಧಾನವಾಗಿ ಓದಬೇಕು, ಉಳಿದುದನ್ನು ಫಲಕಕ್ಕೆ ಅಂಟಿಸಬಹುದು. ಕಾಣಿಕೆಯನ್ನು ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಲಿ. ಧರ್ಮೋಪದೇಶದ ತರಗತಿಗೆ ಉಳಿಯುವ ಮಕ್ಕಳ ಬಸ್ಸಿನ ಸಮಯ ನೆನಪಿರಲಿ. ಆಗಸ್ಟ್ 15 ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬವೂ ಸ್ವಾತಂತ್ರ್ಯ ದಿನವೂ ಆಗಿರುವುದರಿಂದ, ಧ್ವಜದ ಹಗ್ಗ ಸರಿಯಿದೆಯೇ ಎಂಬುದೂ ನಿಮ್ಮ ಪಟ್ಟಿಗೇ ಸೇರುತ್ತದೆ.

ಗುರುಗಳು ಬರಲಾಗದ ದಿನ

ಜುಲೈನಲ್ಲಿ ಮರ ಬಿದ್ದು ರಸ್ತೆ ಕಟ್ಟಿಹೋಗಿ, ಉಪಕೇಂದ್ರದಲ್ಲಿ ಜನ ಸೇರಿದ್ದೂ ಗುರುಗಳು ತಲುಪಲಾಗದೆ ಹೋಗುವುದು ಅಪರೂಪವೇನಲ್ಲ. ಕಾದು ಕಾದು ಜನರನ್ನು ವಾಪಸು ಕಳಿಸಬೇಕಾಗಿಲ್ಲ. ಗುರುಗಳಿಲ್ಲದ ಭಾನುವಾರ ವಾಕ್ಯಾರಾಧನೆ ನಡೆಸಲು ರೋಮಿನಿಂದ 1988ರಲ್ಲಿ ಹೊರಟ ಮಾರ್ಗಸೂಚಿ ಇದೆ. ಧರ್ಮಾಧ್ಯಕ್ಷರು ಒಪ್ಪಿದ ಕ್ರಮದಂತೆ ಒಬ್ಬ ಸಿಸ್ಟರ್, ಉಪದೇಶಿ ಅಥವಾ ತರಬೇತಾದ ವಿಶ್ವಾಸಿ ಅದನ್ನು ನಡೆಸಬಹುದು. ಯಾರು ನಡೆಸಬೇಕೆಂಬುದನ್ನು ಮಳೆ ಆರಂಭವಾಗುವ ಮೊದಲೇ ಗುರುಗಳಿಂದ ಹೇಳಿಸಿ ಇಟ್ಟುಕೊಳ್ಳಿ, ಏಕೆಂದರೆ ಆ ಬೆಳಗ್ಗೆ ಫೋನಿಗೆ ಸಿಗ್ನಲ್ ಇರುತ್ತದೆಂಬ ಭರವಸೆ ಇಲ್ಲ.

ಆ ದಿನದ ವಾಚನಗಳು, ಕೀರ್ತನೆ, ಶುಭಸಂದೇಶ, ವಿಶ್ವಾಸಿಗಳ ಬಿನ್ನಹ, ಪ್ರಭು ಕಲಿಸಿದ ಪ್ರಾರ್ಥನೆ ಎಲ್ಲವೂ ಇರುತ್ತವೆ. ಅಧಿಕಾರ ಪಡೆದವರಿದ್ದರೆ ಪೆಟ್ಟಿಗೆಯಲ್ಲಿರುವ ಪರಮಪ್ರಸಾದವನ್ನು ನೀಡಬಹುದು. ನಡೆಸುವವರು ಗುರುಗಳ ಆಸನದಲ್ಲಿ ಕೂರುವುದಿಲ್ಲ, ಪೂಜೆಯ ಅರ್ಪಣಾ ಪ್ರಾರ್ಥನೆಯ ಯಾವ ಭಾಗವನ್ನೂ ಹೇಳುವುದಿಲ್ಲ. ಇದು ಬಲಿಪೂಜೆಯಲ್ಲ ಎಂಬುದನ್ನು ಆರಂಭದಲ್ಲಿಯೇ ಜನರಿಗೆ ಸ್ಪಷ್ಟವಾಗಿ ತಿಳಿಸಬೇಕು. ಹಾಗಾಗಿ ಅಂದಿನ ಪೂಜೆಗೆ ಯಾರಾದರೂ ಉದ್ದೇಶ ಬರೆಸಿದ್ದರೆ ಆ ಮನೆಯವರನ್ನು ಬಾಗಿಲಲ್ಲೇ ಕಂಡು, ಗುರುಗಳನ್ನು ಕೇಳಿ ಬೇರೆ ದಿನ ಗೊತ್ತುಮಾಡಿ ತಿಳಿಸುವುದಾಗಿ ಹೇಳಿ. ಪುಸ್ತಕದಲ್ಲಿ ಹಳೆಯ ತಾರೀಕಿನ ಮುಂದೆ "ಮುಂದೂಡಲಾಗಿದೆ" ಎಂದು ಅಂದೇ ಬರೆಯಿರಿ, ಹೊಸ ತಾರೀಕು ಗೊತ್ತಾದ ಕೂಡಲೇ ಅದರ ಪಕ್ಕದಲ್ಲಿ ನಮೂದಿಸಿ.